ಲಿನಕ್ಸ್ ರಿಯಲ್‌ಟೈಮ್ ಕರ್ನಲ್: ಸೋರ್ಸ್‌ನಿಂದ ಕಂಪೈಲ್ ಮಾಡಿ, ಅಳವಡಿಸಿ, ಅಳೆದು ನೋಡುವ ಬಗೆ

ರಿಯಲ್‌ಟೈಮ್ ಎಂಬ ಪದವನ್ನು ಕೇಳಿದ ಬಹುತೇಕರು ಅದನ್ನು ವೇಗವೆಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ರಿಯಲ್‌ಟೈಮ್ ಕರ್ನಲ್ (ಪ್ರೋಗ್ರಾಂಗಳಿಗೂ ಹಾರ್ಡ್‌ವೇರಿಗೂ ನಡುವೆ ನಿಂತು ಸಿಪಿಯುವನ್ನು ಹಂಚುವ, ಲಿನಕ್ಸ್‌ನ ತಿರುಳು) ಹಾಕಿದ ಯಂತ್ರದಲ್ಲಿ ಒಟ್ಟು ಕೆಲಸದ ವೇಗ ತುಸು ತಗ್ಗುವುದೇ ಹೆಚ್ಚು. ಅದು ಕೊಡುವ ಭರವಸೆ ಬೇರೆ ಬಗೆಯದು: ಒಂದು ಕೆಲಸ ಇಂತಿಷ್ಟು ಕಾಲದೊಳಗೆ ಆರಂಭವಾಗಲೇಬೇಕು ಎಂದಿದ್ದರೆ, ಯಂತ್ರದ ಮೇಲೆ ಬೇರೆ ಎಷ್ಟೇ ಹೊರೆಯಿದ್ದರೂ ಆ ಗಡುವು ಮೀರದಂತೆ ನೋಡಿಕೊಳ್ಳುವುದು. ಪ್ರತಿ ಮಿಲಿಸೆಕೆಂಡಿಗೊಮ್ಮೆ ಒಂದು ಮೋಟಾರಿಗೆ ಆದೇಶ ಕಳುಹಿಸಬೇಕಾದ ಪ್ರೋಗ್ರಾಂ ಒಂದಿದೆಯೆನ್ನಿ. ಒಂದು ಗಂಟೆಯಲ್ಲಿ ಅದು ಎಚ್ಚೆತ್ತು ಕೆಲಸ ಮಾಡಬೇಕಾದದ್ದು 36 ಲಕ್ಷ ಸಲ. ಅಷ್ಟರಲ್ಲಿ ಒಂದೇ ಒಂದು ಸಲ 5 ಮಿಲಿಸೆಕೆಂಡ್ ತಡವಾದರೆ ಸರಾಸರಿಯ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಆದರೆ ಯಂತ್ರದಲ್ಲಿ ಕೊರೆಯುತ್ತಿದ್ದ ಲೋಹದ ತುಂಡು ಹಾಳಾಗಿರುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಸರಾಸರಿಗೆ ಬೆಲೆಯಿಲ್ಲ, ಅತಿ ಹೆಚ್ಚಿನ ವಿಳಂಬ ಎಷ್ಟು ಎಂಬ ಒಂದು ಅಂಕಿಗೆ ಮಾತ್ರ ಬೆಲೆ. ಕಂಪೈಲ್ ಮಾಡುವುದು, ಎಂದರೆ ಮೂಲ ಬರಹವಾದ ಸೋರ್ಸ್ ಅನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದು, ಇಲ್ಲಿ ಸುಲಭದ ಭಾಗ. ಕಂಪೈಲ್ ಮಾಡುವ ಮೊದಲು ಆಯ್ಕೆಗಳನ್ನು ಸರಿಯಾಗಿ ಮಾಡುವುದು ಮತ್ತು ಅಳವಡಿಸಿದ ಮೇಲೆ ಆ ಅಂಕಿಯನ್ನು ಅಳೆಯುವುದು ನಿಜವಾದ ಶ್ರಮ ಬೇಡುವ ಭಾಗಗಳು. ಈ ಬರಹದಲ್ಲಿಯೂ ಹೆಚ್ಚಿನ ಜಾಗ ಅವೆರಡಕ್ಕೇ ಸಂದಿದೆ.

ಇಲ್ಲಿ ವಿವರಿಸಿರುವುದು ಡೆಬಿಯನ್ ಅಥವಾ ಉಬುಂಟು ಇರುವ, 64 ಬಿಟ್‌ನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ನ ಕಂಪ್ಯೂಟರಿಗೆ ಹೊಂದುವ ವಿಧಾನ. ಆಜ್ಞೆಗಳ ಮತ್ತು ಕಡತಗಳ ಹೆಸರನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಪ್ಯಾಚ್ ಹಾಕುವ ಕಾಲ ಮುಗಿದಿದೆ

ಲಿನಕ್ಸ್‌ನ ರಿಯಲ್‌ಟೈಮ್ ರೂಪಕ್ಕೆ ‘ಪ್ರಿಎಂಪ್ಟ್ ಆರ್‌ಟಿ’ ಎಂದು ಹೆಸರು. ಇಂಗೋ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್, ಸ್ಟೀವನ್ ರಾಸ್ಟೆಡ್ ಮೊದಲಾದವರು 2004ರ ಸುಮಾರಿನಿಂದ ಬೆಳೆಸಿಕೊಂಡು ಬಂದ ಈ ಕೆಲಸ ಇಪ್ಪತ್ತು ವರ್ಷ ಕಾಲ ಮುಖ್ಯ ಕರ್ನಲ್‌ನ ಹೊರಗೆ, ಪ್ರತ್ಯೇಕ ಪ್ಯಾಚ್‌ಗಳ (ಸೋರ್ಸ್‌ಗೆ ಮೇಲಿಂದ ಹಾಕುವ ತಿದ್ದುಪಡಿಗಳ) ರೂಪದಲ್ಲಿಯೇ ಇತ್ತು. ತುಂಡು ತುಂಡಾಗಿ ಅದರ ಬಹುಭಾಗ ಒಳಗೆ ಸೇರಿದರೂ, ಕರ್ನಲ್ ತನ್ನ ಸಂದೇಶಗಳನ್ನು ಮುದ್ರಿಸುವ ‘ಪ್ರಿಂಟ್‌ಕೆ’ ಎಂಬ ಭಾಗದ ತೊಡಕು ಕೊನೆಯವರೆಗೂ ಉಳಿದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ಗ್ಲೈಕ್ಸ್‌ನರ್ ಅವರು ಸೇರ್ಪಡೆಯ ಕೋರಿಕೆಯನ್ನು ಕಾಗದದ ಮೇಲೆ ಮುದ್ರಿಸಿ, ಬಂಗಾರದ ಬಣ್ಣದ ಹೊದಿಕೆಯಲ್ಲಿ ಸುತ್ತಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ಕೈಗೇ ಕೊಟ್ಟರು. ಆ ವರ್ಷದ ನವೆಂಬರ್‌ನಲ್ಲಿ ಬಿಡುಗಡೆಯಾದ 6.12ನೇ ಆವೃತ್ತಿಯಿಂದ ಇದು ಮುಖ್ಯ ಕರ್ನಲ್‌ನಲ್ಲಿಯೇ ಒಂದು ಆಯ್ಕೆಯಾಗಿ ದೊರೆಯುತ್ತದೆ.

ಈ ಇತಿಹಾಸವನ್ನು ಹೇಳಲು ಕಾರಣವಿದೆ. ಹುಡುಕಿದರೆ ಸಿಗುವ ಹಳೆಯ ಮಾರ್ಗದರ್ಶಿಗಳಲ್ಲೆಲ್ಲ ಕರ್ನಲ್ ಆವೃತ್ತಿಗೆ ಸರಿಹೊಂದುವ ಆರ್‌ಟಿ ಪ್ಯಾಚ್ ಅನ್ನು ಹುಡುಕಿ ಹಾಕುವ ಹಂತವೊಂದು ಇರುತ್ತದೆ. 6.12 ಅಥವಾ ಅದರ ನಂತರದ ಆವೃತ್ತಿಯನ್ನು ಎಕ್ಸ್86, 64 ಬಿಟ್ ಆರ್ಮ್ ಅಥವಾ ರಿಸ್ಕ್-ವಿ ಯಂತ್ರದಲ್ಲಿ ಬಳಸುವವರಿಗೆ ಆ ಹಂತದ ಅಗತ್ಯವಿಲ್ಲ. 6.12 ದೀರ್ಘಕಾಲ ನಿರ್ವಹಣೆಯಲ್ಲಿರುವ ಆವೃತ್ತಿಯೂ ಆಗಿರುವುದರಿಂದ ಮೊದಲ ಪ್ರಯತ್ನಕ್ಕೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಈ ಆಯ್ಕೆಯನ್ನು ತೆರೆದಾಗ ಕರ್ನಲ್‌ನ ಒಳಗೆ ಮುಖ್ಯವಾಗಿ ಮೂರು ಬದಲಾವಣೆಗಳಾಗುತ್ತವೆ. ಸಾಮಾನ್ಯ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ (ಒಂದೇ ದತ್ತಾಂಶವನ್ನು ಒಂದು ಸಲಕ್ಕೆ ಒಂದೇ ಕೆಲಸ ಮುಟ್ಟುವಂತೆ ಕಾಯುವ ಬೀಗ) ಹಿಡಿದ ಕೆಲಸವನ್ನು ಅದು ಬಿಡುವವರೆಗೆ ಆ ಸಿಪಿಯುವಿನಿಂದ ತೆಗೆಯುವಂತಿಲ್ಲ. ಆರ್‌ಟಿಯಲ್ಲಿ ಹೆಚ್ಚಿನ ಸ್ಪಿನ್‌ಲಾಕ್‌ಗಳು ನಿದ್ರಿಸಬಲ್ಲ ಲಾಕ್‌ಗಳಾಗುತ್ತವೆ, ಹಾಗಾಗಿ ಹೆಚ್ಚಿನ ಆದ್ಯತೆಯ ಕೆಲಸ ನಡುವೆಯೇ ಸಿಪಿಯುವನ್ನು ಪಡೆಯಬಹುದು. ಸಾಧನಗಳಿಂದ ಬರುವ ಇಂಟರಪ್ಟ್‌ಗಳನ್ನು (ಸಿಪಿಯುವಿನ ಗಮನ ಸೆಳೆಯುವ ಸಂಕೇತಗಳನ್ನು) ನಿಭಾಯಿಸುವ ಕೆಲಸವೂ ಥ್ರೆಡ್‌ಗಳ (ಸಿಪಿಯುವಿನ ಸರದಿಗೆ ನಿಲ್ಲುವ ಪ್ರತ್ಯೇಕ ಕೆಲಸಗಳ) ಪಾಲಿಗೆ ಬಂದು, ಅವುಗಳಿಗೆ 50ರ ಆದ್ಯತೆ ದೊರೆಯುತ್ತದೆ. ಮೂರನೆಯದಾಗಿ, ಕಡಿಮೆ ಆದ್ಯತೆಯ ಕೆಲಸವೊಂದು ಹಿಡಿದಿರುವ ಲಾಕ್‌ಗಾಗಿ ಹೆಚ್ಚಿನ ಆದ್ಯತೆಯ ಕೆಲಸ ಕಾಯಬೇಕಾಗಿ ಬಂದರೆ, ಲಾಕ್ ಹಿಡಿದವನಿಗೆ ಕಾಯುವವನ ಆದ್ಯತೆಯೇ ತಾತ್ಕಾಲಿಕವಾಗಿ ದಕ್ಕುತ್ತದೆ. ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ 1997ರಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆ. ಅಲ್ಲಿ ಇದ್ದದ್ದು ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್ ಎಂಬ ಬೇರೊಂದು ರಿಯಲ್‌ಟೈಮ್ ಕಾರ್ಯಾಚರಣೆ ವ್ಯವಸ್ಥೆ. ಹವಾಮಾನದ ಮಾಹಿತಿ ಕಲೆಹಾಕುವ ಸಣ್ಣ ಕೆಲಸವೊಂದು ಲಾಕ್ ಹಿಡಿದು ಕುಳಿತಿದ್ದಾಗ ಮಧ್ಯಮ ಆದ್ಯತೆಯ ಕೆಲಸಗಳು ಅದನ್ನು ಮುಂದೆ ಸಾಗಗೊಡಲಿಲ್ಲ, ಅದಕ್ಕಾಗಿ ಕಾಯುತ್ತಿದ್ದ ಮುಖ್ಯ ಕೆಲಸ ಗಡುವು ತಪ್ಪಿ ಇಡೀ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಆದ್ಯತೆಯನ್ನು ದಾಟಿಸುವ ಆಯ್ಕೆಯನ್ನು ಭೂಮಿಯಿಂದಲೇ ತೆರೆದು ಅದನ್ನು ಸರಿಪಡಿಸಲಾಯಿತು.

ಕಂಪೈಲ್ ಮಾಡಲೇಬೇಕೆ?

ಕೆಲಸಕ್ಕೆ ಇಳಿಯುವ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳಿ. ಡೆಬಿಯನ್‌ನಲ್ಲಿ ‘ಲಿನಕ್ಸ್-ಇಮೇಜ್-ಆರ್‌ಟಿ-ಎಎಂಡಿ64’ ಎಂಬ ಸಿದ್ಧ ಪ್ಯಾಕೇಜ್ ಇದೆ. ಉಬುಂಟುವಿನಲ್ಲಿ ಉಬುಂಟು ಪ್ರೋ ನೋಂದಣಿಯ ಮೂಲಕ ಸಿದ್ಧ ರಿಯಲ್‌ಟೈಮ್ ಕರ್ನಲ್ ಸಿಗುತ್ತದೆ. ಧ್ವನಿಮುದ್ರಣಕ್ಕಾಗಿಯೋ ಒಂದು ರೋಬೋಟ್ ತೋಳನ್ನು ನಡೆಸಿ ನೋಡುವುದಕ್ಕಾಗಿಯೋ ಬೇಕೆಂದಿದ್ದರೆ ಮೊದಲು ಅವನ್ನೇ ಹಾಕಿ ಅಳೆಯಿರಿ. ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು, ಭದ್ರತಾ ಪರಿಷ್ಕರಣೆಗಳೂ ತಾವಾಗಿಯೇ ಬರುತ್ತವೆ. ಬೇಕಾದ ಆವೃತ್ತಿ ಸಿದ್ಧವಾಗಿ ಸಿಗದಿದ್ದಾಗ, ನಿಮ್ಮ ಸಾಧನಕ್ಕೆ ಬೇಕಾದ ಡ್ರೈವರ್ ಸೇರಿಸಬೇಕಾದಾಗ, ಬೇಡದ ಭಾಗಗಳನ್ನೆಲ್ಲ ಕಿತ್ತು ಹಗುರ ಮಾಡಬೇಕಾದಾಗ, ಅಥವಾ ಒಳಗಿನ ವ್ಯವಸ್ಥೆಯನ್ನು ಕಲಿಯಬೇಕೆಂಬ ಆಸೆಯಿದ್ದಾಗ ಸೋರ್ಸ್‌ನಿಂದ ಕಂಪೈಲ್ ಮಾಡುವುದಕ್ಕೆ ಅರ್ಥವಿದೆ. ವರ್ಚುವಲ್ ಯಂತ್ರದೊಳಗೆ ಇದನ್ನು ಅಭ್ಯಾಸಕ್ಕೆ ಮಾಡಿ ನೋಡಬಹುದಾದರೂ ಅಲ್ಲಿ ತೆಗೆದ ಅಳತೆಗಳನ್ನು ನಂಬಬಾರದು. ಅತಿಥಿ ವ್ಯವಸ್ಥೆಗೆ ಯಾವಾಗ ಸಿಪಿಯು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಹೊರಗಿನ ಕರ್ನಲ್.

ಸಿದ್ಧತೆ ಮತ್ತು ಸೋರ್ಸ್

ಕಂಪೈಲರ್ ಮತ್ತು ಅದರ ಬಳಗಕ್ಕಾಗಿ ‘ಬಿಲ್ಡ್-ಎಸೆನ್ಷಿಯಲ್’, ‘ಲಿಬ್‌ಎನ್‌ಕರ್ಸಸ್-ಡೆವ್’, ‘ಬೈಸನ್’, ‘ಫ್ಲೆಕ್ಸ್’, ‘ಲಿಬ್‌ಎಸ್‌ಎಸ್‌ಎಲ್-ಡೆವ್’, ‘ಲಿಬ್‌ಎಲ್ಫ್-ಡೆವ್’, ‘ಬಿಸಿ’, ‘ಡ್ವಾರ್ವ್ಸ್’, ‘ಸಿಪಿಐಒ’, ‘ಆರ್‌ಸಿಂಕ್’ ಮತ್ತು ‘ಡೆಬ್‌ಹೆಲ್ಪರ್’ ಎಂಬ ಪ್ಯಾಕೇಜ್‌ಗಳನ್ನು ಆಪ್ಟ್ ಮೂಲಕ ಹಾಕಿಕೊಳ್ಳಿ. ಇವುಗಳಲ್ಲಿ ಯಾವುದಾದರೂ ಬಿಟ್ಟುಹೋದರೆ ಕಂಪೈಲ್ ಅರ್ಧದಲ್ಲಿ ನಿಂತು, ಕಾಣೆಯಾದ ಕಡತದ ಹೆಸರನ್ನು ತೋರಿಸುತ್ತದೆ. ಆಗ ಸೇರಿಸಿಕೊಂಡು ಮುಂದುವರಿಸಬಹುದು. ಡಿಸ್ಕ್‌ನಲ್ಲಿ 30 ಜಿಬಿಯಷ್ಟು ಖಾಲಿ ಜಾಗವಿದ್ದರೆ ನಿಶ್ಚಿಂತೆ. ‘ಬೂಟ್’ ಪ್ರತ್ಯೇಕ ವಿಭಾಗವಾಗಿದ್ದರೆ ಅದರಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದನ್ನು ‘ಡಿಎಫ್’ ಆಜ್ಞೆಯಿಂದ ನೋಡಿಕೊಳ್ಳಿ; ಎರಡು ಗಂಟೆ ಕಂಪೈಲ್ ಮಾಡಿ, ಕೊನೆಯಲ್ಲಿ ಇಲ್ಲಿ ಜಾಗವಿಲ್ಲದೆ ಕುಳಿತ ಅನುಭವ ನನ್ನದು.

‘ಮೊಕ್‌ಯುಟಿಲ್’ ಆಜ್ಞೆಗೆ ‘ಎಸ್‌ಬಿ-ಸ್ಟೇಟ್’ ಎಂಬ ಆಯ್ಕೆ ಕೊಟ್ಟು ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದೆಯೇ ಎಂದು ಈಗಲೇ ತಿಳಿದುಕೊಳ್ಳಿ. ಚಾಲ್ತಿಯಲ್ಲಿದ್ದರೆ ನೀವು ಮಾಡಿದ ಕರ್ನಲ್‌ಗೆ ಸಹಿ ಇಲ್ಲದ ಕಾರಣ ಯಂತ್ರ ಅದನ್ನು ಬೂಟ್ ಮಾಡಲು ನಿರಾಕರಿಸುತ್ತದೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ನಿಲ್ಲಿಸುವುದು ಸರಳ ದಾರಿ. ಸ್ವಂತ ಕೀಲಿಯನ್ನು ಯಂತ್ರದಲ್ಲಿ ನೋಂದಾಯಿಸಿ ‘ಎಸ್‌ಬಿಸೈನ್’ ಸಾಧನದಿಂದ ಕರ್ನಲ್‌ಗೆ ಸಹಿ ಹಾಕುವುದು ಶಿಸ್ತಿನ ದಾರಿ.

ಸೋರ್ಸ್ ಅನ್ನು ಕರ್ನಲ್ ಡಾಟ್ ಆರ್ಗ್ ತಾಣದಿಂದ ಇಳಿಸಿಕೊಳ್ಳಿ. 6.12ರ ಸಾಲಿನಲ್ಲಿ ಅತ್ಯಂತ ಇತ್ತೀಚಿನ ಬಿಡುಗಡೆಯ ‘ಟಾರ್ ಡಾಟ್ ಎಕ್ಸ್‌ಝಡ್’ ಕಡತ ಮತ್ತು ಅದರ ಪಕ್ಕದಲ್ಲಿಯೇ ಇರುವ ‘ಟಾರ್ ಡಾಟ್ ಸೈನ್’ ಕಡತ ಎರಡೂ ಬೇಕು. ಸಹಿಯನ್ನು ಪರಿಶೀಲಿಸುವಾಗ ಹೊಸಬರು ಎಡವುವ ಜಾಗವೊಂದಿದೆ: ಆ ಸಹಿ ಇರುವುದು ಸಂಕುಚಿಸಿದ ಕಡತಕ್ಕಲ್ಲ, ಬಿಚ್ಚಿದ ಟಾರ್ ಕಡತಕ್ಕೆ. ಆದ್ದರಿಂದ ಮೊದಲು ‘ಅನ್‌ಎಕ್ಸ್‌ಝಡ್’ ಆಜ್ಞೆಯಿಂದ ಬಿಚ್ಚಿಕೊಂಡು, ಸ್ಥಿರ ಆವೃತ್ತಿಗಳ ನಿರ್ವಾಹಕ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮತ್ತು ಟೊರ್ವಾಲ್ಡ್ಸ್ ಅವರ ಸಾರ್ವಜನಿಕ ಕೀಲಿಗಳನ್ನು ‘ಜಿಪಿಜಿ’ ಮೂಲಕ ತರಿಸಿಕೊಂಡು, ಆ ಬಳಿಕ ಪರಿಶೀಲಿಸಬೇಕು. ಸಹಿ ಸರಿಯಿದೆ ಎಂಬ ಸಂದೇಶ ಬಂದ ಮೇಲೆಯೇ ‘ಟಾರ್’ ಬಿಚ್ಚಿ ಒಳಗೆ ಹೋಗಿ. ಇಡೀ ಯಂತ್ರದ ಮೇಲೆ ಅಧಿಕಾರವಿರುವ ಪ್ರೋಗ್ರಾಂ ಇದು. ಈ ಎರಡು ನಿಮಿಷವನ್ನು ಉಳಿಸಲು ಹೋಗಬೇಡಿ. ಮುಂದಿನ ಕೆಲಸಗಳನ್ನು ಸಾಮಾನ್ಯ ಬಳಕೆದಾರರಾಗಿಯೇ ಮಾಡಿ. ರೂಟ್ ಅಧಿಕಾರ ಬೇಕಾಗುವುದು ಅಳವಡಿಸುವಾಗ ಮಾತ್ರ.

ಕಾನ್ಫಿಗರೇಷನ್

ಕರ್ನಲ್‌ನ ಸಾವಿರಾರು ಆಯ್ಕೆಗಳನ್ನು ಶೂನ್ಯದಿಂದ ತುಂಬುವ ಸಾಹಸ ಬೇಡ. ಈಗ ಓಡುತ್ತಿರುವ ಕರ್ನಲ್‌ನ ಆಯ್ಕೆಗಳು ‘ಬೂಟ್’ ಕೋಶದಲ್ಲಿ ‘ಕಾನ್ಫಿಗ್’ ಎಂದು ಆರಂಭವಾಗುವ ಹೆಸರಿನ ಕಡತದಲ್ಲಿವೆ. ಅದನ್ನು ಸೋರ್ಸ್ ಕೋಶದೊಳಗೆ ‘ಡಾಟ್ ಕಾನ್ಫಿಗ್’ ಎಂಬ ಹೆಸರಿನಲ್ಲಿ ನಕಲು ಮಾಡಿ, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಎಂಬ ಆಜ್ಞೆ ಕೊಡಿ. ಹಳೆಯ ಕಡತದಲ್ಲಿ ಇಲ್ಲದ ಹೊಸ ಆಯ್ಕೆಗಳಿಗೆಲ್ಲ ಅದು ಪೂರ್ವನಿಯೋಜಿತ ಉತ್ತರಗಳನ್ನೇ ತುಂಬುತ್ತದೆ.

ವಿತರಣೆಯ ಕಾನ್ಫಿಗರೇಷನ್ ಎಲ್ಲ ಬಗೆಯ ಯಂತ್ರಗಳಿಗೂ ಹೊಂದಬೇಕಾದ್ದರಿಂದ ಅದರಲ್ಲಿ ಸಾವಿರಾರು ಡ್ರೈವರ್‌ಗಳಿರುತ್ತವೆ, ಕಂಪೈಲ್‌ನ ಸಮಯದ ಬಹುಪಾಲು ಅವುಗಳಿಗೇ ಹೋಗುತ್ತದೆ. ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಆಜ್ಞೆ ಈ ಕ್ಷಣದಲ್ಲಿ ಮೆಮೊರಿಯಲ್ಲಿರುವ ಮಾಡ್ಯೂಲ್‌ಗಳನ್ನಷ್ಟೇ (ಬೇಕಾದಾಗ ಕರ್ನಲ್‌ಗೆ ಸೇರುವ ಡ್ರೈವರ್ ಮೊದಲಾದ ಭಾಗಗಳನ್ನಷ್ಟೇ) ಉಳಿಸಿ ಮಿಕ್ಕವನ್ನು ತೆಗೆಯುತ್ತದೆ. ‘ಈ ಕ್ಷಣದಲ್ಲಿ’ ಎಂಬ ಮಾತನ್ನು ಗಮನಿಸಿ. ನಿಮ್ಮ ಪೆನ್‌ಡ್ರೈವ್, ಯುಎಸ್‌ಬಿ ಸೀರಿಯಲ್ ಕೇಬಲ್, ಧ್ವನಿ ಸಾಧನ, ವೈಫೈ ಡಾಂಗಲ್ ಇತ್ಯಾದಿಗಳನ್ನೆಲ್ಲ ಚುಚ್ಚಿ ಒಮ್ಮೆ ಬಳಸಿದ ಬಳಿಕವೇ ಈ ಆಜ್ಞೆ ಕೊಡಬೇಕು. ಇಲ್ಲದಿದ್ದರೆ ಹೊಸ ಕರ್ನಲ್‌ಗೆ ಪೆನ್‌ಡ್ರೈವ್ ಎಂದರೆ ಏನೆಂದೇ ತಿಳಿದಿರುವುದಿಲ್ಲ. ಮೊದಲ ಸಲ ಮಾಡುವವರು ಈ ಹಂತವನ್ನು ಬಿಟ್ಟು, ಕಂಪೈಲ್‌ಗೆ ಹೆಚ್ಚು ಹೊತ್ತು ತೆಗೆದುಕೊಂಡರೂ ಪೂರ್ಣ ಕಾನ್ಫಿಗರೇಷನ್ನಿನಿಂದಲೇ ಒಂದು ಚಾಲನೆಯಾಗುವ ಕರ್ನಲ್ ಪಡೆಯುವುದು ವಿವೇಕ ಎಂಬುದು ನನ್ನ ಅಭಿಪ್ರಾಯ.

ಈಗ ‘ಮೇಕ್ ಮೆನುಕಾನ್ಫಿಗ್’ ಕೊಟ್ಟರೆ ನೀಲಿ ಪರದೆಯ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ‘ಜನರಲ್ ಸೆಟಪ್’ ಒಳಗೆ ಹೋಗಿ ಮೊದಲು ಪರಿಣತ ಬಳಕೆದಾರರಿಗೆಂದು ಗುರುತಿಸಿರುವ ‘ಎಕ್ಸ್‌ಪರ್ಟ್’ ಆಯ್ಕೆಯನ್ನು ತೆರೆಯಿರಿ. ರಿಯಲ್‌ಟೈಮ್ ಆಯ್ಕೆ ಇದನ್ನು ಅವಲಂಬಿಸಿದೆ; ಇದನ್ನು ತೆರೆಯದಿದ್ದರೆ ಆ ಸಾಲೇ ಕಾಣುವುದಿಲ್ಲ, ‘ನನ್ನ ಕರ್ನಲ್‌ನಲ್ಲಿ ಆರ್‌ಟಿ ಇಲ್ಲ’ ಎಂದು ಜನ ತಲೆ ಕೆಡಿಸಿಕೊಳ್ಳುವುದು ಬಹುತೇಕ ಇದೇ ಕಾರಣಕ್ಕೆ. ಬಳಿಕ ಅದೇ ‘ಜನರಲ್ ಸೆಟಪ್’ ಪುಟದಲ್ಲಿ ‘ಪ್ರಿಎಂಪ್ಷನ್ ಮಾಡೆಲ್’ ಎಂಬಲ್ಲಿಗೆ ಬಂದು ‘ಫುಲಿ ಪ್ರಿಎಂಪ್ಟಿಬಲ್ ಕರ್ನಲ್, ರಿಯಲ್‌ಟೈಮ್’ ಎಂಬುದನ್ನು ಆರಿಸಿ. 6.12ರ ನಂತರದ ಆವೃತ್ತಿಗಳಲ್ಲಿ ಇದು ಆ ಗುಂಪಿನಿಂದ ಹೊರಬಂದು ಪ್ರತ್ಯೇಕ ಸಾಲಾಗಿದೆ. ಹುಡುಕಲು ಬೇಸರವಾದರೆ ಓರೆಗೆರೆಯ ಕೀಲಿ ಒತ್ತಿ ‘ಪ್ರಿಎಂಪ್ಟ್_ಆರ್‌ಟಿ’ ಎಂದು ಬರೆದರೆ ಅದಿರುವ ಜಾಗವನ್ನೂ, ಅದು ಯಾವುದನ್ನು ಅವಲಂಬಿಸಿದೆ ಎಂಬುದನ್ನೂ ತೋರಿಸುತ್ತದೆ.

‘ಲೋಕಲ್ ವರ್ಷನ್’ ಎಂಬಲ್ಲಿ ಗುರುತಿಗಾಗಿ ಹೈಫನ್ ಹಾಕಿ ‘ಆರ್‌ಟಿ1’ ಎಂಬಂಥ ಬಾಲ ಸೇರಿಸಿ. ಅದರಲ್ಲಿ ದೊಡ್ಡ ಅಕ್ಷರಗಳಾಗಲಿ ಅಡಿಗೆರೆಯಾಗಲಿ ಬೇಡ. ಡೆಬಿಯನ್ ಪ್ಯಾಕೇಜ್ ಹೆಸರುಗಳಲ್ಲಿ ಅವಕ್ಕೆ ಅವಕಾಶವಿಲ್ಲ. ಹೈ ರೆಸಲ್ಯೂಷನ್ ಟೈಮರ್ ಬೆಂಬಲ ತೆರೆದಿರಲೇಬೇಕು, ಸಾಮಾನ್ಯವಾಗಿ ತೆರೆದೇ ಇರುತ್ತದೆ. ಟೈಮರ್‌ನ ಆವರ್ತನವನ್ನು 1000 ಹರ್ಟ್ಜ್ ಮಾಡಬೇಕೆಂಬ ಸಲಹೆ ಎಲ್ಲೆಡೆ ಕಾಣುತ್ತದೆ. ಹೈ ರೆಸಲ್ಯೂಷನ್ ಟೈಮರ್ ಇರುವಾಗ ನಿಮ್ಮ ಪ್ರೋಗ್ರಾಂ ಎಚ್ಚರಗೊಳ್ಳುವ ನಿಖರತೆ ಅದರ ಮೇಲೆ ನಿಂತಿಲ್ಲ, ಆದ್ದರಿಂದ ಇದ್ದ ಹಾಗೇ ಬಿಟ್ಟರೂ ನಷ್ಟವಿಲ್ಲ. ಸಿಪಿಯು ಫ್ರೀಕ್ವೆನ್ಸಿಯ ಪೂರ್ವನಿಯೋಜಿತ ಗವರ್ನರ್ (ಸಿಪಿಯುವಿನ ವೇಗವನ್ನು ನಿರ್ಧರಿಸುವ ನೀತಿ) ‘ಪರ್ಫಾರ್ಮೆನ್ಸ್’ ಆಗಿರಲಿ. ಕೆಲವು ಸಿಪಿಯುಗಳನ್ನು ಪೂರ್ತಿಯಾಗಿ ನಿಮ್ಮ ಪ್ರೋಗ್ರಾಂಗೆ ಮೀಸಲಿಡುವ ಯೋಚನೆಯಿದ್ದರೆ ‘ಟೈಮರ್ಸ್ ಸಬ್‌ಸಿಸ್ಟಮ್’ ಅಡಿಯಲ್ಲಿ ಆ ಸಿಪಿಯುಗಳಲ್ಲಿ ನಿಯತ ಟೈಮರ್ ಬಡಿತವನ್ನು ನಿಲ್ಲಿಸುವ ಫುಲ್ ಡೈನ್‌ಟಿಕ್ಸ್ ಆಯ್ಕೆಯನ್ನು ತೆರೆಯಿರಿ.

‘ಕರ್ನಲ್ ಹ್ಯಾಕಿಂಗ್’ ಭಾಗದಲ್ಲಿ ತೆರೆಯುವುದಕ್ಕಿಂತ ಮುಚ್ಚುವ ಕೆಲಸವೇ ಹೆಚ್ಚು. ಲಾಕ್‌ಗಳ ಸರಿತನ ಪರೀಕ್ಷಿಸುವ ‘ಪ್ರೂವ್ ಲಾಕಿಂಗ್’, ‘ಡಿಬಗ್ ಪ್ರಿಎಂಪ್ಟ್’, ಮೆಮೊರಿಯ ತಪ್ಪುಗಳನ್ನು ಹಿಡಿಯುವ ‘ಕೆ-ಆಸಾನ್’ ಇವು ಕರ್ನಲ್ ಬರೆಯುವವರಿಗೆ ಬೇಕಾದವು. ಅಳತೆಯ ಯಂತ್ರದಲ್ಲಿ ಇವು ತೆರೆದಿದ್ದರೆ ವಿಳಂಬ ಹಲವು ಪಟ್ಟು ಏರಿ, ಆರ್‌ಟಿಯ ಮೇಲೆಯೇ ಅಪವಾದ ಬರುತ್ತದೆ. ಡಿಬಗ್ ಮಾಹಿತಿಯನ್ನು ಪೂರ್ತಿ ನಿಲ್ಲಿಸಿದರೆ ವೇಗದಲ್ಲಿ ವ್ಯತ್ಯಾಸವಾಗದಿದ್ದರೂ 20 ಜಿಬಿ ಮೀರಬಹುದಾದ ಕಂಪೈಲ್ ಕೋಶ ತುಂಬ ಚಿಕ್ಕದಾಗುತ್ತದೆ. ಆದರೆ ‘ಟ್ರೇಸರ್ಸ್’ ಪಟ್ಟಿಯಲ್ಲಿರುವ ‘ಟೈಮರ್‌ಲ್ಯಾಟ್’ ಮತ್ತು ‘ಹಾರ್ಡ್‌ವೇರ್ ಲೇಟೆನ್ಸಿ’ ಟ್ರೇಸರ್‌ಗಳನ್ನು ಮುಚ್ಚಬೇಡಿ. ಬಳಸದಿರುವಾಗ ಅವುಗಳ ಹೊರೆ ತೀರಾ ಕಡಿಮೆ, ತೊಂದರೆ ಬಂದಾಗ ಕಾರಣ ಹುಡುಕಲು ಅವೇ ಆಸರೆ.

ಇನ್ನೊಂದು ಬದಲಾವಣೆಯನ್ನು ಮರೆತರೆ ಕಂಪೈಲ್ ನಿಲ್ಲುವುದು ಖಚಿತ. ಡೆಬಿಯನ್ ಮತ್ತು ಉಬುಂಟುವಿನ ಕಾನ್ಫಿಗರೇಷನ್‌ನಲ್ಲಿ ‘ಸಿಸ್ಟಮ್ ಟ್ರಸ್ಟೆಡ್ ಕೀಸ್’ ಎಂಬ ಸಾಲು ಆಯಾ ಸಂಸ್ಥೆಯ ಪ್ರಮಾಣಪತ್ರದ ಕಡತವೊಂದನ್ನು ತೋರಿಸುತ್ತದೆ. ಆ ಕಡತ ಅವರ ಸೋರ್ಸ್‌ನಲ್ಲಿ ಇದೆ, ನೀವು ಇಳಿಸಿಕೊಂಡದ್ದರಲ್ಲಿ ಇಲ್ಲ. ಆದ್ದರಿಂದ ‘ಕ್ರಿಪ್ಟೋಗ್ರಾಫಿಕ್ ಎಪಿಐ’ ವಿಭಾಗದ ಕೊನೆಯಲ್ಲಿರುವ ಪ್ರಮಾಣಪತ್ರಗಳ ಪಟ್ಟಿಯಲ್ಲಿ ಈ ಸಾಲನ್ನೂ, ಉಬುಂಟುವಿನಲ್ಲಾದರೆ ‘ಸಿಸ್ಟಮ್ ರೆವೊಕೇಶನ್ ಕೀಸ್’ ಎಂಬ ಸಾಲನ್ನೂ ಖಾಲಿ ಮಾಡಿ.

ಉಳಿಸಿ ಹೊರಬಂದ ಮೇಲೆ ‘ಗ್ರೆಪ್’ ಆಜ್ಞೆಯಿಂದ ಡಾಟ್ ಕಾನ್ಫಿಗ್ ಕಡತದಲ್ಲಿ ಪ್ರಿಎಂಪ್ಟ್_ಆರ್‌ಟಿ ಸಾಲನ್ನು ಹುಡುಕಿ, ಅದರ ಮುಂದೆ ‘ವೈ’ ಎಂದು ಇದೆಯೇ ಎಂಬುದನ್ನು ಕಣ್ಣಾರೆ ನೋಡಿ. ಮೆನುವಿನಲ್ಲಿ ಆರಿಸಿದ್ದು ಇನ್ನಾವುದೋ ಅವಲಂಬನೆಯ ಕಾರಣ ಸದ್ದಿಲ್ಲದೆ ಬಿದ್ದುಹೋಗುವುದುಂಟು.

ಕಂಪೈಲ್ ಮತ್ತು ಅಳವಡಿಕೆ

ಆಜ್ಞೆ ಒಂದೇ: ‘ಮೇಕ್’, ಅದರೊಂದಿಗೆ ಹೈಫನ್ ‘ಜೆ’ ಮತ್ತು ನಿಮ್ಮಲ್ಲಿರುವ ಸಿಪಿಯುಗಳ ಸಂಖ್ಯೆ, ಕೊನೆಯಲ್ಲಿ ‘ಬಿನ್‌ಡೆಬ್-ಪಿಕೆಜಿ’. ಪೂರ್ಣ ಕಾನ್ಫಿಗರೇಷನ್ ಆದರೆ ನಾಲ್ಕು ಕೋರ್‌ಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಗಂಟೆಗಳೇ ಹಿಡಿಯಬಹುದು, ಹದಿನಾರು ಕೋರ್‌ಗಳ ಯಂತ್ರದಲ್ಲಿ ಒಂದು ಊಟದ ಹೊತ್ತಿಗೆ ಮುಗಿಯುತ್ತದೆ. ಮಧ್ಯೆ ಕರೆಂಟು ಹೋದರೂ ಚಿಂತೆಯಿಲ್ಲ. ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಮುಗಿದ ಭಾಗಗಳನ್ನು ಬಿಟ್ಟು ಮುಂದುವರಿಯುತ್ತದೆ. ದೋಷ ಬಂದು ನಿಂತರೆ ಕೊನೆಯ ಸಾಲಿನಲ್ಲಿ ಕಾರಣ ಇರುವುದಿಲ್ಲ, ಏಕೆಂದರೆ ಹಲವು ಕೆಲಸಗಳು ಒಟ್ಟಿಗೆ ಓಡುತ್ತಿರುತ್ತವೆ. ‘ಜೆ’ ಮತ್ತು ಸಂಖ್ಯೆ ಎರಡನ್ನೂ ಬಿಟ್ಟು ಉಳಿದ ಆಜ್ಞೆಯನ್ನಷ್ಟೇ ಕೊಟ್ಟರೆ ಮೊದಲ ದೋಷದಲ್ಲಿಯೇ ನಿಂತು ಕಾರಣ ಸ್ಪಷ್ಟವಾಗುತ್ತದೆ.

ಮುಗಿದ ಮೇಲೆ ಸೋರ್ಸ್ ಕೋಶದ ಹೊರಗಿನ ಮೇಲಿನ ಕೋಶದಲ್ಲಿ ಡೆಬ್ ಪ್ಯಾಕೇಜ್‌ಗಳು ಸಿದ್ಧವಾಗಿರುತ್ತವೆ. ‘ಲಿನಕ್ಸ್-ಇಮೇಜ್’ ಮತ್ತು ‘ಲಿನಕ್ಸ್-ಹೆಡರ್ಸ್’ ಎಂದು ಆರಂಭವಾಗುವ ಎರಡನ್ನು ರೂಟ್ ಅಧಿಕಾರದಿಂದ ‘ಡಿಪಿಕೆಜಿ’ ಮೂಲಕ ಹಾಕಿ, ‘ಲಿನಕ್ಸ್-ಲಿಬ್‌ಸಿ-ಡೆವ್’ ಬೇಡ. ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಬೇಕಾಗುವ ಕಡತಗಳ ಕಟ್ಟು) ರಚನೆಯೂ ಗ್ರಬ್ (ಬೂಟ್ ಮಾಡುವ ಕರ್ನಲ್ ಅನ್ನು ಆರಿಸುವ ಪ್ರೋಗ್ರಾಂ) ಪಟ್ಟಿಯ ಪರಿಷ್ಕರಣೆಯೂ ಆಗಲೇ ತಾವಾಗಿ ನಡೆಯುತ್ತವೆ. ಪ್ಯಾಕೇಜ್ ಮಾಡದೆ ನೇರವಾಗಿ ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’ ಮತ್ತು ‘ಮೇಕ್ ಇನ್‌ಸ್ಟಾಲ್’ ಕೊಡುವ ದಾರಿಯೂ ಇದೆ. ಡಿಬಗ್ ಮಾಹಿತಿ ತೆರೆದಿಟ್ಟವರು ಆಗ ‘ಇನ್‌ಸ್ಟಾಲ್_ಮಾಡ್_ಸ್ಟ್ರಿಪ್’ ಅನ್ನು 1 ಮಾಡದಿದ್ದರೆ ಮಾಡ್ಯೂಲ್‌ಗಳು ಬೃಹತ್ತಾಗಿ, ಅವನ್ನು ಒಳಗೊಂಡ ಇನಿಟ್‌ರಾಮ್‌ಎಫ್‌ಎಸ್‌ನಿಂದ ಬೂಟ್ ವಿಭಾಗ ತುಂಬಿಹೋಗಬಹುದು. ಮುಂದೆ ತೆಗೆದುಹಾಕುವುದು ಸುಲಭವೆಂಬ ಕಾರಣಕ್ಕೆ ನಾನು ಪ್ಯಾಕೇಜ್ ದಾರಿಯನ್ನೇ ಹಿಡಿಯುತ್ತೇನೆ.

ಹಳೆಯ ಕರ್ನಲ್ ಅನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಗ್ರಬ್‌ನ ಪಟ್ಟಿ ಕೆಲವು ಸೆಕೆಂಡು ಕಾಣುವಂತೆ ‘ಗ್ರಬ್_ಟೈಮ್‌ಔಟ್’ ಬೆಲೆಯನ್ನು ಏರಿಸಿ, ‘ಗ್ರಬ್_ಟೈಮ್‌ಔಟ್_ಸ್ಟೈಲ್’ ಸಾಲಿನಲ್ಲಿ ‘ಮೆನು’ ಎಂದು ಬರೆದು, ‘ಅಪ್‌ಡೇಟ್-ಗ್ರಬ್’ ಕೊಟ್ಟು, ಆಮೇಲೆ ಯಂತ್ರವನ್ನು ಮರುಚಾಲನೆ ಮಾಡಿ. ಹೊಸದು ಕೈಕೊಟ್ಟರೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಸಾಲಿನ ಒಳಗೆ ಹಳೆಯದು ಕಾದಿರುತ್ತದೆ.

ಬೂಟ್ ಆದ ಬಳಿಕ ‘ಯುನೇಮ್’ ಆಜ್ಞೆಯನ್ನು ‘ವಿ’ ಆಯ್ಕೆಯೊಡನೆ ಕೊಡಿ. ಉತ್ತರದಲ್ಲಿ ‘ಎಸ್‌ಎಂಪಿ ಪ್ರಿಎಂಪ್ಟ್_ಆರ್‌ಟಿ’ ಎಂದಿರಬೇಕು. ‘ಪ್ರಿಎಂಪ್ಟ್_ಡೈನಾಮಿಕ್’ ಎಂದಿದ್ದರೆ ನೀವು ಹಳೆಯ ಕರ್ನಲ್‌ನಲ್ಲಿಯೇ ಇದ್ದೀರಿ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸ್ಥಿತಿಯನ್ನು ಕಡತಗಳ ರೂಪದಲ್ಲಿ ತೋರಿಸುವ ಜಾಗದಲ್ಲಿ) ‘ರಿಯಲ್‌ಟೈಮ್’ ಎಂಬ ಕಡತ ನೋಡಿ ಎಂದು ಹಳೆಯ ಬರಹಗಳು ಹೇಳುತ್ತವೆ. ಅದು ಪ್ಯಾಚ್‌ನ ಕಾಲದಿಂದ ಬಂದದ್ದು, ಇಲ್ಲದಿದ್ದರೆ ಗಾಬರಿಯಾಗಬೇಕಿಲ್ಲ. ಎನ್‌ವಿಡಿಯಾದ ಸ್ವಾಮ್ಯದ ಡ್ರೈವರ್ ಬಳಸುವವರು ಒಂದು ವಿಷಯ ತಿಳಿದಿರಬೇಕು: ಅದರ ಅಳವಡಿಕೆ ಆರ್‌ಟಿ ಕರ್ನಲ್ ಕಂಡೊಡನೆ ನಿಲ್ಲುತ್ತದೆ. ‘ಇಗ್ನೋರ್_ಪ್ರಿಎಂಪ್ಟ್_ಆರ್‌ಟಿ_ಪ್ರೆಸೆನ್ಸ್’ ಎಂಬ ಪರಿಸರ ಚರಕ್ಕೆ 1 ಕೊಟ್ಟು ಮುಂದುವರಿಸಬಹುದಾದರೂ ಅದರ ಹೊಣೆ ನಿಮ್ಮದು.

ಅನುಮತಿ ಮತ್ತು ಆದ್ಯತೆ

ಕರ್ನಲ್ ಬದಲಾದ ಮಾತ್ರಕ್ಕೆ ನಿಮ್ಮ ಪ್ರೋಗ್ರಾಂ ರಿಯಲ್‌ಟೈಮ್ ಆಗುವುದಿಲ್ಲ. ಅದು ತಾನಾಗಿ ಆದ್ಯತೆಯನ್ನು ಕೇಳಿ ಪಡೆಯಬೇಕು. ಸಾಮಾನ್ಯ ಬಳಕೆದಾರರಿಗೆ ಆ ಹಕ್ಕು ಕೊಡಲು ‘ರಿಯಲ್‌ಟೈಮ್’ ಎಂಬ ಗುಂಪೊಂದನ್ನು ಮಾಡಿ, ಬಳಕೆದಾರರನ್ನು ಅದಕ್ಕೆ ಸೇರಿಸಿ, ‘ಸೆಕ್ಯುರಿಟಿ’ ಕೋಶದ ‘ಲಿಮಿಟ್ಸ್ ಡಾಟ್ ಡಿ’ ಒಳಗಿನ ಕಡತವೊಂದರಲ್ಲಿ ಆ ಗುಂಪಿಗೆ ‘ಆರ್‌ಟಿಪ್ರಿಯೋ’ 95 ಮತ್ತು ‘ಮೆಮ್‌ಲಾಕ್’ ಅನ್‌ಲಿಮಿಟೆಡ್ ಎಂದು ಬರೆಯಿರಿ. ಲಾಗ್‌ಔಟ್ ಆಗಿ ಮತ್ತೆ ಒಳಬಂದ ಮೇಲೆಯೇ ಇದು ಜಾರಿಗೆ ಬರುತ್ತದೆ. ಆಮೇಲೆ ‘ಸಿಎಚ್‌ಆರ್‌ಟಿ’ ಆಜ್ಞೆಯಿಂದ ಯಾವ ಪ್ರೋಗ್ರಾಂ ಅನ್ನಾದರೂ ಫೈಫೋ (ಮೊದಲು ಬಂದದ್ದಕ್ಕೆ ಮೊದಲ ಸರದಿ) ನೀತಿಯಲ್ಲಿ, ಹೇಳಿದ ಆದ್ಯತೆಯಲ್ಲಿ ಓಡಿಸಬಹುದು.

ಆದ್ಯತೆಯ ಅಂಕಿಯನ್ನು 99ಕ್ಕೆ ಏರಿಸುವ ಆಸೆ ಬೇಡ. ಕರ್ನಲ್‌ನ ಸ್ವಂತ ತುರ್ತು ಥ್ರೆಡ್‌ಗಳು ಅಲ್ಲಿವೆ. 80 ಎಂದಿಟ್ಟರೂ ಅದು ಇಂಟರಪ್ಟ್ ಥ್ರೆಡ್‌ಗಳ 50ಕ್ಕಿಂತ ಮೇಲೆಯೇ ಇದೆ. ಹೀಗಾಗಿ ನಿಮ್ಮ ಪ್ರೋಗ್ರಾಂ ನಿದ್ರಿಸದೆ ಸುತ್ತುತ್ತಿದ್ದರೆ ಆ ಸಿಪಿಯುವಿನಲ್ಲಿ ಡಿಸ್ಕ್ ಮತ್ತು ನೆಟ್‌ವರ್ಕ್ ಉಪವಾಸ ಬೀಳುತ್ತವೆ. ಇಂಥ ಅನಾಹುತದಿಂದ ಕಾಪಾಡಲೆಂದೇ ಕರ್ನಲ್ ರಿಯಲ್‌ಟೈಮ್ ಕೆಲಸಗಳಿಗೆ ಪ್ರತಿ ಸೆಕೆಂಡಿನ ಶೇ. 95ರಷ್ಟನ್ನು ಮಾತ್ರ ಬಿಟ್ಟು ಉಳಿದದ್ದನ್ನು ಇತರರಿಗೆ ಕಾಯ್ದಿಡುತ್ತದೆ. ಈ ಮಿತಿಯನ್ನು ತೆಗೆಯಿರಿ ಎಂಬ ಸಲಹೆ ಕಂಡರೆ, ನಿಮ್ಮ ಪ್ರೋಗ್ರಾಂ ಪ್ರತಿ ಸುತ್ತಿನಲ್ಲಿಯೂ ನಿದ್ರಿಸುತ್ತದೆ ಎಂಬುದು ಖಚಿತವಾಗುವವರೆಗೆ ಅದನ್ನು ಪಾಲಿಸಬೇಡಿ.

ಅಳತೆ

‘ಆರ್‌ಟಿ-ಟೆಸ್ಟ್ಸ್’ ಪ್ಯಾಕೇಜಿನಲ್ಲಿರುವ ‘ಸೈಕ್ಲಿಕ್‌ಟೆಸ್ಟ್’ ಈ ಕೆಲಸದ ಮುಖ್ಯ ಸಾಧನ. ಅದು ನಿಗದಿತ ಕಾಲಕ್ಕೆ ಎಬ್ಬಿಸೆಂದು ಹೇಳಿ ಮಲಗುತ್ತದೆ, ಎದ್ದಾಗ ಎಷ್ಟು ತಡವಾಯಿತೆಂದು ಬರೆದಿಡುತ್ತದೆ. ಮೆಮೊರಿಯನ್ನು ಲಾಕ್ ಮಾಡಲು (ಡಿಸ್ಕ್‌ಗೆ ಸರಿಯದಂತೆ ಹಿಡಿದಿಡಲು) ಸಣ್ಣ ಅಕ್ಷರದ ‘ಎಂ’, ಪ್ರತಿ ಸಿಪಿಯುವಿಗೂ ಒಂದೊಂದು ಥ್ರೆಡ್ ಕಟ್ಟಲು ದೊಡ್ಡ ಅಕ್ಷರದ ‘ಎಸ್’, ಆದ್ಯತೆಗೆ ‘ಪಿ’ 90, ಅವಧಿಗೆ ದೊಡ್ಡ ಅಕ್ಷರದ ‘ಡಿ’ ಎಂಬ ಆಯ್ಕೆಗಳನ್ನು ಕೊಟ್ಟು ಓಡಿಸಿ. ಪರದೆಯ ಮೇಲೆ ಪ್ರತಿ ಸಿಪಿಯುವಿನ ಕನಿಷ್ಠ, ಈಗಿನ, ಸರಾಸರಿ ಮತ್ತು ಗರಿಷ್ಠ ವಿಳಂಬಗಳು ಮೈಕ್ರೋಸೆಕೆಂಡುಗಳಲ್ಲಿ ಕಾಣುತ್ತವೆ. ಗರಿಷ್ಠವನ್ನು ಮಾತ್ರ ನೋಡಿ.

ಖಾಲಿ ಕುಳಿತ ಯಂತ್ರದಲ್ಲಿ ತೆಗೆದ ಅಳತೆಗೆ ಅರ್ಥವಿಲ್ಲ. ಇನ್ನೊಂದು ಟರ್ಮಿನಲ್‌ನಲ್ಲಿ ‘ಸ್ಟ್ರೆಸ್-ಎನ್‌ಜಿ’ಯಿಂದ ಸಿಪಿಯು, ಮೆಮೊರಿ ಮತ್ತು ಡಿಸ್ಕ್ ಮೂರರ ಮೇಲೂ ಹೊರೆ ಹಾಕಿ, ‘ಹ್ಯಾಕ್‌ಬೆಂಚ್’ ಓಡಿಸಿ, ನೆಟ್‌ವರ್ಕ್‌ನಲ್ಲಿ ದೊಡ್ಡ ಕಡತವೊಂದನ್ನು ಇಳಿಸಿ. ಹತ್ತು ನಿಮಿಷದ ಓಟದಲ್ಲಿ ಏನೂ ಕಾಣದೆ, ರಾತ್ರಿಯಿಡೀ ಬಿಟ್ಟಾಗ ಒಂದು ದೊಡ್ಡ ಅಂಕಿ ಕಾಣಿಸಿಕೊಳ್ಳುವುದು ಸಾಮಾನ್ಯ, ಆದ್ದರಿಂದ ಕನಿಷ್ಠ ಒಂದು ರಾತ್ರಿ ಬಿಡಿ. ಇದೇ ಪರೀಕ್ಷೆಯನ್ನು ಹಳೆಯ ಕರ್ನಲ್‌ನಲ್ಲಿಯೂ ಮಾಡಿದರೆ ಹೋಲಿಕೆ ಸಿಗುತ್ತದೆ. ಹೊರೆಯಡಿಯಲ್ಲಿ ಸಾಮಾನ್ಯ ಕರ್ನಲ್‌ನ ಗರಿಷ್ಠ ಮಿಲಿಸೆಕೆಂಡುಗಳಿಗೆ ಏರಬಲ್ಲದು. ಆರ್‌ಟಿಯಲ್ಲಿ, ಒಳ್ಳೆಯ ಹಾರ್ಡ್‌ವೇರ್ ಆದರೆ, ಅದು 100 ಮೈಕ್ರೋಸೆಕೆಂಡಿನೊಳಗೆ ನಿಲ್ಲುವುದನ್ನು ನಿರೀಕ್ಷಿಸಬಹುದು.

ಈ ಸಾಧನ ನಿಮ್ಮನ್ನು ಸದ್ದಿಲ್ಲದೆ ತಪ್ಪು ದಾರಿಗೆ ಎಳೆಯುವ ಜಾಗವೊಂದಿದೆ. ಸೈಕ್ಲಿಕ್‌ಟೆಸ್ಟ್ ಓಡುವಾಗ ‘ಸಿಪಿಯು_ಡಿಎಂಎ_ಲೇಟೆನ್ಸಿ’ ಎಂಬ ಸಾಧನ ಕಡತವನ್ನು ತೆರೆದು ಸೊನ್ನೆ ಬರೆದು ಹಿಡಿದುಕೊಂಡಿರುತ್ತದೆ. ಇದರಿಂದ ಸಿಪಿಯುಗಳು ಗಾಢ ನಿದ್ರೆಯ ಸ್ಥಿತಿಗೆ ಇಳಿಯುವುದೇ ಇಲ್ಲ. ಪರೀಕ್ಷೆ ಮುಗಿದೊಡನೆ ಆ ಹಿಡಿತ ಬಿಟ್ಟುಹೋಗುತ್ತದೆ, ನಿಮ್ಮ ಸ್ವಂತ ಪ್ರೋಗ್ರಾಂ ಓಡುವಾಗ ಸಿಪಿಯು ಮಲಗುತ್ತದೆ, ಏಳಲು ತಡಮಾಡುತ್ತದೆ, ಪರೀಕ್ಷೆಯಲ್ಲಿ ಕಂಡ ಅಂಕಿ ಬಳಕೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಪ್ರೋಗ್ರಾಂ ಕೂಡ ಆ ಕಡತವನ್ನು ತೆರೆದು ಸೊನ್ನೆ ಬರೆದು, ಮುಗಿಯುವವರೆಗೆ ಮುಚ್ಚದೆ ಇಟ್ಟುಕೊಳ್ಳಬೇಕು. ಆರಂಭದಲ್ಲಿಯೇ ‘ಎಂಲಾಕ್‌ಆಲ್’ ಕರೆದು ಮೆಮೊರಿಯನ್ನು ಲಾಕ್ ಮಾಡುವುದೂ ಅಷ್ಟೇ ಮುಖ್ಯ.

ಅಂಕಿ ದೊಡ್ಡದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕರ್ನಲ್ ಅಲ್ಲ, ಮದರ್‌ಬೋರ್ಡಿನ ಫರ್ಮ್‌ವೇರ್. ಶಾಖ ನಿಯಂತ್ರಣ ಮೊದಲಾದ ಕಾರಣಗಳಿಗೆ ಫರ್ಮ್‌ವೇರ್ ಸಿಪಿಯುವನ್ನು ಕರ್ನಲ್‌ಗೆ ತಿಳಿಸದೆಯೇ ಕಸಿದುಕೊಳ್ಳಬಲ್ಲದು. ಎಸ್‌ಎಂಐ ಎಂದು ಕರೆಯುವ ಈ ಇಂಟರಪ್ಟ್‌ಗಳನ್ನು ಯಾವ ಕರ್ನಲ್ ಕೂಡ ತಡೆಯಲಾರದು. ‘ಎಚ್‌ಡಬ್ಲ್ಯುಲ್ಯಾಟ್‌ಡಿಟೆಕ್ಟ್’ ಓಡಿಸಿದರೆ ಇವು ಬಯಲಾಗುತ್ತವೆ. ಬಯಾಸ್‌ನಲ್ಲಿ ವಿದ್ಯುತ್ ಉಳಿತಾಯದ ಆಯ್ಕೆಗಳನ್ನೂ ಹೈಪರ್‌ಥ್ರೆಡಿಂಗ್ ಅನ್ನೂ ನಿಲ್ಲಿಸಿ ಮತ್ತೆ ಅಳೆಯಿರಿ. ಆಗಲೂ ತಗ್ಗದಿದ್ದರೆ ಬೇರೆ ಬೋರ್ಡ್ ಹುಡುಕುವುದೇ ಉಳಿದ ದಾರಿ, ಲ್ಯಾಪ್‌ಟಾಪುಗಳಲ್ಲಿ ಈ ನಿರಾಶೆ ಹೆಚ್ಚು. ಹಾರ್ಡ್‌ವೇರ್ ನಿರ್ದೋಷಿ ಎಂದು ತಿಳಿದರೆ ಕರ್ನಲ್ ಸೋರ್ಸ್‌ನೊಂದಿಗೇ ಬರುವ ‘ಆರ್‌ಟಿಎಲ್‌ಎ’ ಸಾಧನದ ಟೈಮರ್‌ಲ್ಯಾಟ್ ಪರೀಕ್ಷೆಯನ್ನು ‘ಎ’ ಆಯ್ಕೆ ಮತ್ತು 100 ಎಂಬ ಮಿತಿಯೊಡನೆ ಓಡಿಸಿ. ವಿಳಂಬ ಆ ಮಿತಿ ದಾಟಿದ ಕ್ಷಣದಲ್ಲಿ ಅದು ನಿಂತು, ತಡೆದದ್ದು ಯಾವ ಇಂಟರಪ್ಟ್, ಯಾವ ಥ್ರೆಡ್ ಎಂಬ ವಿವರವನ್ನು ಮುಂದಿಡುತ್ತದೆ.

ಇನ್ನೂ ಬಿಗಿ ಬೇಕಾದವರು ಸಿಪಿಯುಗಳನ್ನು ಹಂಚಿಡಬಹುದು. ನಾಲ್ಕು ಸಿಪಿಯುಗಳ ಯಂತ್ರದಲ್ಲಿ 2 ಮತ್ತು 3ನ್ನು ಮೀಸಲಿಡಲು ಗ್ರಬ್‌ನ ಕರ್ನಲ್ ಸಾಲಿಗೆ ‘ಐಸೋಲ್‌ಸಿಪಿಯುಸ್’, ‘ನೋಎಚ್‌ಝಡ್_ಫುಲ್’ ಮತ್ತು ‘ಆರ್‌ಸಿಯು_ನೋಸಿಬಿಎಸ್’ ಮೂರಕ್ಕೂ 2,3 ಎಂದೂ, ‘ಐಆರ್‌ಕ್ಯುಅಫಿನಿಟಿ’ಗೆ 0,1 ಎಂದೂ ಬೆಲೆ ಕೊಡಿ. ಬಳಿಕ ‘ಟಾಸ್ಕ್‌ಸೆಟ್’ನಿಂದ ನಿಮ್ಮ ಪ್ರೋಗ್ರಾಂ ಅನ್ನು ಮೀಸಲಿಟ್ಟ ಸಿಪಿಯುವಿಗೆ ನೀವೇ ಕಟ್ಟಬೇಕು, ಮರೆತರೆ ಆ ಎರಡು ಸಿಪಿಯುಗಳು ಸುಮ್ಮನೆ ಕುಳಿತು, ಇಡೀ ಯಂತ್ರ ಅರ್ಧ ಬಲದಲ್ಲಿ ಓಡುತ್ತದೆ. ಒಂದು ಬದಲಾವಣೆ ಮಾಡಿ, ಅಳೆದು, ಬರೆದಿಟ್ಟುಕೊಂಡ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದು ಬರಿದೇ ವಿದ್ಯುತ್ ತಿನ್ನುತ್ತಿದೆ ಎಂಬುದು ತಿಳಿಯುವುದಿಲ್ಲ.

ಸ್ವಂತ ಕರ್ನಲ್‌ಗೆ ಭದ್ರತಾ ಪರಿಷ್ಕರಣೆಗಳು ತಾವಾಗಿ ಬರುವುದಿಲ್ಲ. 6.12ರ ಸಾಲಿನಲ್ಲಿ ಹೊಸ ಬಿಡುಗಡೆಯಾದಾಗ ಅದರ ಸೋರ್ಸ್ ಇಳಿಸಿ, ಹಿಂದಿನ ಡಾಟ್ ಕಾನ್ಫಿಗ್ ಅನ್ನು ಅಲ್ಲಿಗೆ ನಕಲು ಮಾಡಿ, ಓಲ್ಡ್‌ಡೆಫ್‌ಕಾನ್ಫಿಗ್‌ನಿಂದ ಆರಂಭಿಸಿ ಇದೇ ಹಂತಗಳನ್ನು ಮತ್ತೆ ನಡೆಸಬೇಕು. ಪ್ರಮಾಣಪತ್ರದ ಸಾಲು ಆಗಲೇ ಖಾಲಿಯಾಗಿರುವುದರಿಂದ ಈ ಸಲ ಹೆಚ್ಚಿನದೆಲ್ಲ ಕಾಯುವ ಕೆಲಸವೇ. ಹೊಸದು ರಾತ್ರಿಯ ಪರೀಕ್ಷೆ ದಾಟಿದ ಮೇಲೆ ಹಿಂದಿನ ನಿಮ್ಮ ಕರ್ನಲ್ ಅನ್ನು ಆಪ್ಟ್ ಮೂಲಕ ತೆಗೆದುಹಾಕಿ, ವಿತರಣೆಯ ಮೂಲ ಕರ್ನಲ್ ಮಾತ್ರ ಸದಾ ಇರಲಿ.